ಚಳಿಗೆ ಗುಂಪುಗಟ್ಟುವ ರಕ್ತ

ಭಟ್ಕಳದ ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ತುಂಬುವ ಕೆಲಸಕ್ಕೆ ಸೇರಿದ ಮೇಲೆ ಹೊನ್ನಮ್ಮನ ಬೆರಳುಗಳು ನೀಲಿಗಟ್ಟತೊಡಗಿದವು. ಮಂಜಿನಲ್ಲಿ ಕೈಯಿಟ್ಟವರಿಗೆಲ್ಲ ಆಗುವುದೇ ಎಂದುಕೊಂಡು ಅವಳು ಸುಮ್ಮನಿದ್ದಳು. ಅರವತ್ತೇಳರ ಡಿಸೆಂಬರಿನಲ್ಲಿ ಅವಳ ಕಣ್ಣು ಹಳದಿಯಾಯಿತು, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಗಂಡ ಮಾಸ್ತಿ ಕಾಮಾಲೆಯೆಂದು ಬೇರು ಅರೆದು ಕುಡಿಸಿದ. ಒಂದು ಬೆಳಿಗ್ಗೆ ಅವಳು ಬಾವಿಕಟ್ಟೆಯ ಬಳಿ ಕುಸಿದು ಬಿದ್ದಾಗ ಮಾತ್ರ ಅವನಿಗೆ ದಿಗಿಲಾಯಿತು. ಅವಳ ತಂಗಿ ಗಂಗಿಯನ್ನೂ ಕರೆದುಕೊಂಡು ತಮ್ಮೂರು ಮುರ್ಡೇಶ್ವರದಿಂದ ಹೊನ್ನಾವರದ ಬಸ್ಸು ಹಿಡಿದ. ಶರಾವತಿ ದಾಟುವಾಗ ಲಾಂಚಿನ ಮೇಲೆ ಗಾಳಿ ಬೀಸಿತು. ಹೊನ್ನಮ್ಮನ ಕಿವಿಯ ಅಂಚು, ಮೂಗಿನ ತುದಿ ನೇರಳೆಯಾದವು. ಗಂಗಿ ಅಕ್ಕನ ಮುಖವನ್ನು ಎದೆಗೊತ್ತಿಕೊಂಡು ಕೂತಳು.

ಹೊನ್ನಾವರದ ಸಣ್ಣ ಆಸ್ಪತ್ರೆಯ ಡಾಕ್ಟರು ಸುಮತಿ. ಕುಮಟೆಯವರು, ಮುಂಬಯಿಯಲ್ಲಿ ಓದಿ ಬಂದವರು. ರೆಪ್ಪೆ ಮಗುಚಿ ನೋಡಿ, ಮೈಯಲ್ಲಿ ರಕ್ತವೇ ಉಳಿದಿಲ್ಲ, ಇವತ್ತೇ ಕೊಡಬೇಕು ಎಂದರು. ಗಂಗಿ ಕೂಡಲೇ ತೋಳು ಚಾಚಿದಳು.

ಆದರೆ ಗಾಜಿನ ಪಟ್ಟಿಯ ಮೇಲೆ ಹೊನ್ನಮ್ಮನ ರಕ್ತದಿಂದ ಬೇರ್ಪಡಿಸಿದ ತಿಳಿಗೆ ಗಂಗಿಯ ರಕ್ತ ಸೇರಿದ್ದೇ ರಕ್ತಕಣಗಳು ಒಂದಕ್ಕೊಂದು ಅಂಟಿ ಕೆಂಪು ಮರಳಿನಂತಾದವು. ಮಾಸ್ತಿಯದನ್ನು ಹಾಕಿದರೂ ಹಾಗೆಯೇ ಆಯಿತು. ಹೀಗೆ ಅಂಟುವ ರಕ್ತ ಕೊಟ್ಟರೆ ರೋಗಿ ಸಾಯುತ್ತಾಳೆ, ಕೊಡದಿದ್ದರೂ ಸಾಯುತ್ತಾಳೆ. ಹುಬ್ಬಳ್ಳಿಗೆ ಕಳಿಸೋಣವೆಂದರೆ ಘಟ್ಟದ ದಾರಿಯನ್ನು ಅವಳು ತಾಳುವ ಹಾಗಿರಲಿಲ್ಲ.

ಒಡಹುಟ್ಟಿದವಳ ರಕ್ತವೇ ಸೇರಲಿಲ್ಲವಂತೆ ಎಂಬ ಮಾತು ವಾರ್ಡಿನಲ್ಲಿ ಹಬ್ಬಿತು. ಆ ಹುಡುಗಿಯಲ್ಲೇ ಏನೋ ದೋಷವಿರಬೇಕು ಎಂದು ಯಾರೋ ಪಿಸುಗುಟ್ಟಿದ್ದು ಗಂಗಿಯ ಕಿವಿಗೂ ಬಿತ್ತು. ಹಳದೀಪುರದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಈ ಸುದ್ದಿ ಅಲ್ಲಿಗೆ ಮುಟ್ಟಿದರೆ ಎಂಬ ಅಂಜಿಕೆ ಒಂದು ಕಡೆ, ಅಂಥ ಹೊತ್ತಿನಲ್ಲಿ ತನ್ನ ಮದುವೆಯ ಯೋಚನೆ ಬಂತಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಅವಳು ಡಾಕ್ಟರ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ನನ್ ರಕ್ತದಲ್ಲಿ ಎಂತ ಕೆಟ್ಟದ್ದು ಅದೆ ಡಾಕ್ಟ್ರಮ್ಮ?"

ಸುಮತಿ ತಮ್ಮದೇ ಬೆರಳಿಗೆ ಸೂಜಿ ಚುಚ್ಚಿದರು. ಹೊನ್ನಮ್ಮನ ತಿಳಿಯಲ್ಲಿ ಅವರ ರಕ್ತವೂ ಮರಳಾಯಿತು. "ನೋಡು. ನಂದೂ ಹಾಂಗೇ ಆತು. ಕೆಟ್ಟದ್ದು ನಿನ್ನಲ್ಲಿಲ್ಲ."

ಮುಂಬಯಿಯ ಗುರುಗಳು ಕಳಿಸುತ್ತಿದ್ದ ವೈದ್ಯ ಪತ್ರಿಕೆಯಲ್ಲಿ ಓದಿದ್ದು ಅವರಿಗೆ ನೆನಪಾಯಿತು. ರೋಗದ ವಿರುದ್ಧ ಕಾದಾಡಲು ಮೈ ತಯಾರಿಸುವ ಪ್ರತಿಕಾಯಗಳಿಗೆ ತೋಳುಗಳಿವೆ. ತೋಳಿನ ತುದಿ ಯಾವ ಆಕಾರದಲ್ಲಿದೆಯೋ ಅದಕ್ಕೆ ಒಪ್ಪುವ ವಸ್ತುವನ್ನಷ್ಟೇ ಅದು ಹಿಡಿಯುತ್ತದೆ. ಕೆಲವು ಬಗೆಯವು ಬಹಳ ದೊಡ್ಡವು, ತೋಳುಗಳೂ ಹೆಚ್ಚು, ಒಂದೇ ಸಲಕ್ಕೆ ಹಲವು ಕಣಗಳನ್ನು ಎಳೆದು ಗುಂಪುಗಟ್ಟಿಸುತ್ತವೆ. ಅಪರೂಪಕ್ಕೆ ಅವು ಸ್ವಂತ ರಕ್ತವನ್ನೇ ಹಿಡಿಯುವುದುಂಟು. ಆ ಹಿಡಿತ ಚಳಿಯಲ್ಲಿ ಬಿಗಿ, ಬಿಸಿಯಲ್ಲಿ ಸಡಿಲ. ಅವು ಹಿಡಿಯುವ ಗುರುತು ದೊಡ್ಡವರ ಕಣಗಳ ಮೇಲೆಲ್ಲ ಇರುತ್ತದೆ, ಆಗತಾನೇ ಹುಟ್ಟಿದ ಕೂಸಿನಲ್ಲಿ ಇನ್ನೂ ಬೆಳೆದಿರುವುದಿಲ್ಲ. ಓದಿದ್ದೇನೋ ಹೌದು, ಇಂಥ ರೋಗಿಯನ್ನು ಅವರು ಕಂಡಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಆಗಷ್ಟೇ ಹೆರಿಗೆಯಾಗಿತ್ತು. ಸುಮತಿ ಬಾಣಂತಿಯ ಮನೆಯವರನ್ನು ಕೇಳಿ ಹೊಕ್ಕುಳಬಳ್ಳಿಯಿಂದ ಒಂದಿಷ್ಟು ರಕ್ತ ತಂದರು. ಅದು ಹೊನ್ನಮ್ಮನ ತಿಳಿಯಲ್ಲಿ ಬಹುಮಟ್ಟಿಗೆ ಅಂಟದೆ ನಯವಾಗಿ ಹರಡಿಕೊಂಡಿತು. ಗಂಗಿಯ ರಕ್ತಕ್ಕೆ ಅಕ್ಕನ ತಿಳಿ ಸೇರಿಸಿದ್ದ ಕೊಳವೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟು ಕಾದರು. ಮರಳು ಕರಗಿತು. ಮೈಯ ಬಿಸಿಯಲ್ಲಿ ಮತ್ತೆ ಹೊಂದಿಸಿ ನೋಡಿದಾಗ ತಂಗಿಯ ರಕ್ತ ಅಕ್ಕನಿಗೆ ಸರಿಹೋಯಿತು.

ಗಂಗಿಯಿಂದ ತೆಗೆದ ರಕ್ತದ ಸೀಸೆಯ ನಳಿಕೆಯನ್ನು ಬೆಚ್ಚನೆಯ ನೀರಿನ ಪಾತ್ರೆಯೊಳಗಿಂದ ಹಾಯಿಸಿದರು. ನೀರು ಆರಲೂ ಬಾರದು, ಹೆಚ್ಚು ಕಾಯಲೂ ಬಾರದು. ಆ ಕೆಲಸ ಮಾಸ್ತಿಗೆ ಬಂತು. ಅವನು ನೀರಿನಿಂದ ಕೈ ತೆಗೆಯದೆ ಕೂತ. ಹನಿ ಹನಿಯಾಗಿ ರಕ್ತ ಇಳಿಯತೊಡಗಿತು. ಅರ್ಧ ಸೀಸೆಯೂ ಮುಗಿದಿರಲಿಲ್ಲ, ಹೊನ್ನಮ್ಮ ನಡುಗತೊಡಗಿದಳು.

ಸುಮತಿ ನಳಿಕೆ ಮುಚ್ಚಿದರು. ನಾಡಿ ಹಿಡಿದರು, ಜ್ವರ ನೋಡಿದರು, ರಕ್ತ ಒಗ್ಗದವರಿಗೆ ಬರುವ ಸೊಂಟನೋವು ಇದೆಯೇ ಎಂದು ಕೇಳಿದರು. ಮಾಸ್ತಿಗೆ ತಾನೇ ನೀರು ಆರಲು ಬಿಟ್ಟೆನೇನೋ ಎನಿಸಿತು.

"ನೋವಿಲ್ಲ," ಎಂದಳು ಹೊನ್ನಮ್ಮ. "ಆ ಕಿಟಕಿ ಹಾಕಿ. ಗಾಳಿ ಬತ್ತದೆ."

ಕಿಟಕಿ ಮುಚ್ಚಿ ಇನ್ನೊಂದು ಕಂಬಳಿ ಹೊದೆಸಿದರು. ನಡುಕ ನಿಂತಿತು. ಸುಮತಿ ತುಸು ಹೊತ್ತು ಕಾದು ನಳಿಕೆಯನ್ನು ಮತ್ತೆ ಬಿಟ್ಟರು. ಸಂಜೆಯ ಹೊತ್ತಿಗೆ ಹೊನ್ನಮ್ಮ ಗಂಜಿ ಕೇಳಿದಳು.

ಮನೆಗೆ ಹೊರಡುವ ದಿನ ಅವಳು ಡಾಕ್ಟರನ್ನು ಕೇಳಿದ್ದು ಒಂದೇ, ನನ್ನ ಮೈ ನನ್ನನ್ನೇ ಯಾಕೆ ಹಿಡಿಯುತ್ತದೆ ಎಂದು. ಸುಮತಿ ಗೊತ್ತಿಲ್ಲವೆಂದರು. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಮಂಜುಗಡ್ಡೆಯ ಕೆಲಸಕ್ಕೆ ಮಾತ್ರ ಇನ್ನು ಹೋಗಲೇಬಾರದು ಎಂದೂ ಹೇಳಿದರು. ಗಂಗಿಯ ಭಾವೀ ಮಾವ ವಿಚಾರಿಸಲು ಬಂದಾಗ ಅವರು ಅವನದೇ ಬೆರಳು ಚುಚ್ಚಿ, ತೆಗೆದಿರಿಸಿದ್ದ ಹೊನ್ನಮ್ಮನ ತಿಳಿಗೆ ಸೇರಿಸಿ ತೋರಿಸಿದರು. ತನ್ನ ರಕ್ತವೂ ಮರಳಾದದ್ದನ್ನು ಕಂಡು ಆತ ಬೆರಳು ಒರೆಸಿಕೊಂಡು ಎದ್ದು ಹೋದ. ಗೊತ್ತುಮಾಡಿದ್ದ ದಿನದಂದೇ ಮದುವೆ ನಡೆಯಿತು.

ಹೊನ್ನಮ್ಮ ಮುರ್ಡೇಶ್ವರದ ದಂಡೆಯಲ್ಲಿ ಮೀನು ಒಣಗಿಸುವ ಕೆಲಸಕ್ಕೆ ಸೇರಿದಳು. ಉಳಿದ ಹೆಂಗಸರು ನೆರಳು ಹುಡುಕುವ ಹೊತ್ತಿನಲ್ಲೂ ಅವಳು ಬಿಸಿಲಿನಲ್ಲೇ ನಿಂತು ಮೀನು ಮಗುಚುತ್ತಿದ್ದಳು.