ಒಂಟಿ ಪದರದ ಚಿನ್ನ

ರಿಮ್ಮಾ ಗಾಜಿನ ಮೂಲಕ ಹಾದುಬರುವ ಬೆಳಕಿನ ಅಳತೆಯನ್ನು ಮತ್ತೊಮ್ಮೆ ತೆಗೆದಳು. ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಕೆಂಪು ಬೆಳಕಿನ ಅದೇ ಜಾಗದಲ್ಲಿ ಮತ್ತೆ ತಗ್ಗಿತು.

ಆ ತಗ್ಗಿನ ಮೇಲೆಯೇ ಅವಳ ಪದವಿಯ ಸಂಶೋಧನಾ ಪ್ರಬಂಧ ನಿಂತಿತ್ತು. ಬೆಳಕಿನಲ್ಲಿ ವಿದ್ಯುತ್ತಿನ ಜೊತೆ ಕಾಂತದ ಅಲೆಯೂ ಇರುತ್ತದೆ. ಸಾಧಾರಣ ವಸ್ತುಗಳು ಅದಕ್ಕೆ ಓಗೊಡುವುದೇ ಇಲ್ಲವೆನ್ನಬೇಕು. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ತುಂಡುಗಳನ್ನು ಒಂದರ ಮೇಲೊಂದು ಜೋಡಿಯಾಗಿ ಕೂರಿಸಿದರೆ, ಆ ಜೋಡಿಯೊಳಗೆ ಕರೆಂಟು ಸುತ್ತು ಹೊಡೆದು ಓಗೊಡುತ್ತದೆ. ಗೆರೆಯ ಈ ತಗ್ಗೇ ಅದರ ಗುರುತೆಂದು ಹೋದ ವರ್ಷ ಅವಳು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಪೀಟರ್ಸ್‌ಬರ್ಗಿನ ಈ ಪ್ರಯೋಗಾಲಯದಲ್ಲಿ ಶಾಂಪೇನ್ ಹರಿದಿತ್ತು.

ಈಗ ಮುಂದಿದ್ದ ಗಾಜಿನಲ್ಲಿ ಜೋಡಿಯೇ ಇರಲಿಲ್ಲ, ಬರಿ ಒಂಟಿ ಪದರ. ಯಾರೂ ಕೇಳದಿದ್ದರೂ ಖಾತ್ರಿಗೆಂದು ಮಾಡಿಸಿದ್ದಳು. ಕರೆಂಟು ಸುತ್ತಲು ದಾರಿಯಿಲ್ಲದ ಮೇಲೆ ತಗ್ಗು ಮಾಯವಾಗಬೇಕಿತ್ತು. ಆಗಲಿಲ್ಲ. ಅಂದರೆ ತಗ್ಗು ಹುಟ್ಟಿದ್ದು ತುಂಡುಗಳ ಸಾಲಿನ ಅಂತರದಿಂದ, ಕಾಂತದಿಂದಲ್ಲ.

ಪಕ್ಕದ ಮೇಜಿನ ತಿಮೂರ್ ಚಹಾ ತಂದಿಟ್ಟ. "ಏನೇ, ಚಿನ್ನ ಕಳಕೊಂಡೋರ ಥರ ಕೂತಿದ್ದೀಯ?"

ಅವಳು ಪರದೆ ತಿರುಗಿಸಿದಳು. ನೋಡುತ್ತಿದ್ದಂತೆ ಅವನ ನಗು ಆರಿತು.

"ಇದು ಬೇರೆ ಯಾರಿಗೂ ಗೊತ್ತಿಲ್ಲ ಅಲ್ವಾ?"

"ನಿನಗೆ ಗೊತ್ತಾಯ್ತಲ್ಲ."

ಅವಳು ಫಲಿತಾಂಶವನ್ನು ತನ್ನ ಮಾರ್ಗದರ್ಶಕ ಗೆನ್ನಾದಿ ಲ್ವೋವಿಚ್ ಅವರಿಗೆ ತೋರಿಸಿದಳು. ಗಾಜುಗಳು ಅದಲುಬದಲಾಗಿರಬಹುದೇ ಎಂದು ಕೇಳಿದರು, ಪದರದ ದಪ್ಪ ಕೇಳಿದರು. ಎಲ್ಲಕ್ಕೂ ಅವಳು ಬೇರೆ ಯಾರದೋ ಕೆಲಸದ ವರದಿ ಒಪ್ಪಿಸುವಂತೆ ಉತ್ತರ ಕೊಟ್ಟಳು. ಅವರು ಮೇಜಿನ ಮೇಲಿದ್ದ ಕಿತ್ತಳೆ ಕೈಗೆತ್ತಿಕೊಂಡರು.

"ಮುಂದಿನ ವಾರ ನಿನ್ನ ಪ್ರಬಂಧದ ಮಂಡನೆ ಇದೆ ಕಣಮ್ಮ. ಅದು ಮುಗೀಲಿ, ಆಮೇಲೆ ನೋಡೋಣ."

"ನನ್ನ ಕೈಲಾಗಲ್ಲ, ಗೆನ್ನಾದಿ ಲ್ವೋವಿಚ್."

ಬೈಯುತ್ತಾರೆಂದುಕೊಂಡಿದ್ದಳು. ಅವರು ಕಿತ್ತಳೆ ಸುಲಿದು ಅರ್ಧ ಅವಳ ಕೈಗಿಟ್ಟು, ಮಂಡನೆ ಮುಂದೂಡಲು ಕಚೇರಿಗೆ ಫೋನ್ ಮಾಡಿದರು. ತಿಂದಳು, ತಣ್ಣಗಿತ್ತು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಸಂಜೆ ಊರಾದ ಪೆತ್ರೊಜಾವೊದ್‌ಸ್ಕ್‌ನಿಂದ ತಾಯಿಯ ಫೋನ್ ಬಂತು. ಮಂಡನೆ ಈಗಿಲ್ಲ, ರೈಲು ಟಿಕೆಟ್ ವಾಪಸು ಮಾಡು ಎಂದು ರಿಮ್ಮಾ ಹೇಳಿದಳು. ಯಾಕೆ ಎಂದದ್ದಕ್ಕೆ, ತಪ್ಪಿತ್ತು, ನಾನೇ ಕಂಡುಹಿಡಿದೆ ಎಂದಳು.

ತಾಯಿ, "ಮಂಡನೆಗೇ ಅಂತ ಹೊಸ ಕೋಟು ತಗೊಂಡಿದ್ನಲ್ಲೇ," ಎಂದಳು.

"ಚಳಿಗಾಲಕ್ಕೆ ಆಗುತ್ತೆ ಬಿಡಮ್ಮ."

ಫೋನ್ ಕೆಳಗಿಟ್ಟು, ಹೋದ ವರ್ಷದ ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆಂದು ಪತ್ರಿಕೆಗೆ ಬರೆಯತೊಡಗಿದಳು. ಕಾರಣ ಎರಡೇ ಸಾಲಿನಲ್ಲಿ ಮುಗಿಯಿತು.