ಮೊದಲು ತೊಟ್ಟವರು ಯಾರು?

ರಫೂ ಅಂಗಡಿಯವರೆಲ್ಲ ಅವಳನ್ನು ಗಯ್ಯಾಳಿ ಎಂದೇ ಕರೆಯುತ್ತಿದ್ದರು. ಹದಿನೇಳರ ಹುಡುಗಿ, ಬಾಯಿ ಬಿಟ್ಟರೆ ಬೆಂಕಿ, ಸೂಜಿ ಹಿಡಿದರೆ ಚಿನ್ನ. ಅವಳ ಬಾಯಿಗೆ ಹೆದರಿದವರೂ ಅವಳ ಕೈಗುಣಕ್ಕಾಗಿ ಬಾಗಿಲಲ್ಲಿ ಕಾಯುತ್ತಿದ್ದರು.

ಅದು ಬರೀ ಹರಿದ ಬಟ್ಟೆ ಸರಿಮಾಡುವ ಅಂಗಡಿಯಲ್ಲ. ಕಾಯಿಲೆ ಬಿದ್ದವರ ಹಳೆಯ ಬಟ್ಟೆಯೊಂದನ್ನು ಮನೆಯವರು ತರುತ್ತಿದ್ದರು. ಅದರ ಅಂಚಿನಿಂದಲೇ ಒಂದು ಎಳೆ ಬಿಡಿಸಿ, ಅದೇ ಎಳೆಯಿಂದ ಹರಕನ್ನು ಹೆಣೆದರೆ, ತೊಟ್ಟವರ ಮೈಯೊಳಗಿನ ಹರಕೂ ಕೂಡಿಕೊಳ್ಳುತ್ತಿತ್ತು. ಕೆಲಸ ಹತ್ತಿತೆಂದರೆ ಸೂಜಿ ಬೆಚ್ಚಗಾಗುತ್ತಿತ್ತು. ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಅಂಗಡಿಯ ಒಡತಿ ದೊಡ್ಡಮ್ಮನಿಗೆ ಒಲಿದಿತ್ತು, ಅವಳ ನಂತರ ಅವಳ ತಂಗಿಯ ಮಗಳಾದ ಈ ಗಯ್ಯಾಳಿಗೆ. ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಗಾರೆಯವನನ್ನು ಗಯ್ಯಾಳಿ ಒಂದೇ ಮಧ್ಯಾಹ್ನದಲ್ಲಿ ಎಬ್ಬಿಸಿ ಕೂರಿಸಿದ್ದಳು.

ಬಟ್ಟೆ ಒಳಗೆ ತೆಗೆದುಕೊಳ್ಳುವ ಮೊದಲು ಕೇಳಲೇಬೇಕಾದ ಮಾತೊಂದಿತ್ತು: "ಇದನ್ನ ಮೊದಲು ತೊಟ್ಟವರು ಯಾರು?" ಬಟ್ಟೆ ಒಂದು ವರ್ಷ ಮೈಮೇಲಿದ್ದು ಆ ಮೈಯನ್ನು ಕಲಿಯುತ್ತದೆ, ಒಮ್ಮೆ ಕಲಿತ ಮೇಲೆ ಬೇರೆ ಯಾರನ್ನೂ ಕಲಿಯುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಇದನ್ನೇ ಕೇಳಿ ಗಯ್ಯಾಳಿಯ ಬಾಯಿ ಸವೆದಿತ್ತು. ಗಂಡನದೆಂದು ಮಾವನ ಕೋಟು ತಂದವಳೊಬ್ಬಳಿಗೆ, "ನಿಮ್ಮ ಮಾವ ಹೋಗಿ ಹತ್ತು ವರ್ಷ ಆಯ್ತಲ್ರೀ, ಅವರನ್ನೇ ಎಬ್ಬಿಸ್ಲಾ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು.

ಅಂಥವಳ ಮನೆಯಲ್ಲೇ ತಂಗಿ ಹಾಸಿಗೆ ಹಿಡಿದಳು. ಒಂಬತ್ತು ವರ್ಷದ ಕೂಸು, ದುಂಡು ಮುಖಕ್ಕೆ ಎಲ್ಲರೂ ಗುಂಡಿ ಎನ್ನುತ್ತಿದ್ದರು. ಈಗ ಆ ಮುಖದಲ್ಲಿ ಬರೀ ಕಣ್ಣು ಉಳಿದಿದ್ದವು. ಡಾಕ್ಟರು ಅಮ್ಮನನ್ನು ಹೊರಗೆ ಕರೆದು, ಶ್ವಾಸಕೋಶ ಪೂರ್ತಿ ಹೋಗಿದೆ, ಹದಿನೈದು ದಿನ ಉಳಿದರೆ ಹೆಚ್ಚು ಎಂದರು. ಅಮ್ಮ ಒಳಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ಅಳ್ತೀಯಾಕಮ್ಮ? ನಾನು ಸತ್ತಿದ್ದೀನಾ?" ಎಂದು ಗದರಿದಳು ಗಯ್ಯಾಳಿ. ತಂಗಿ ದಿನಾ ತೊಡುತ್ತಿದ್ದ ನೀಲಿ ಫ್ರಾಕನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ನಡೆದಳು. ಕಣ್ಣಾರೆ ಕಂಡ ಬಟ್ಟೆ. ಮೊದಲು ತೊಟ್ಟವರು ಯಾರೆಂದು ಯಾರನ್ನು ಕೇಳಬೇಕಿತ್ತು?

ಮೂರು ದಿನ ಊಟ ನಿದ್ದೆ ಬಿಟ್ಟು ಹೆಣೆದಳು. ಸೂಜಿ ಬೆಚ್ಚಗಾಯಿತು, ಬೆರಳು ಸುಡುವಷ್ಟು ಕಾಯಿತು. ಹತ್ತಿತು, ಹತ್ತಿತು ಎಂದು ಮನೆಗೆ ಓಡಿದರೆ ಗುಂಡಿ ನಿನ್ನೆಗಿಂತ ಸಣ್ಣಗಾಗಿರುತ್ತಿದ್ದಳು. ಮೂರನೆಯ ದಿನ ಎರಡು ಹೆಜ್ಜೆ ನಡೆಯುವುದೂ ಆಗಲಿಲ್ಲ.

ನಾಲ್ಕನೆಯ ದಿನ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು. "ನಿನ್ನ ಸುಟ್ಟ ಕಲೆ ಎಲ್ಲೇ?"

ಏಳು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆ ತಾಗಿ ಆದ ಕಲೆ ಅದು. ಈಗ ಅಲ್ಲಿ ನುಣ್ಣನೆಯ ಚರ್ಮವಿತ್ತು. ಚಳಿಗಾಲವಿಡೀ ಕಾಡಿದ್ದ ಮೊಣಕಾಲಿನ ನೋವೂ ಮೂರು ದಿನದಿಂದ ಇರಲಿಲ್ಲ. ಅವಳು ಗಮನಿಸಿರಲೂ ಇಲ್ಲ.

"ಈ ಫ್ರಾಕು ಮೊದಲು ತೊಟ್ಟವರು ಯಾರು?" ಎಂದಳು ದೊಡ್ಡಮ್ಮ, ಬಹಳ ಮೆಲ್ಲಗೆ.

ಗಯ್ಯಾಳಿಗೆ ಆಗ ನೆನಪಾಯಿತು: ಮೊದಲು ತೊಟ್ಟವಳು ತಾನೇ. ಊರಿಗೆಲ್ಲ ಕೇಳಿದ ಮಾತನ್ನು ಮನೆಯೊಳಗೆ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆಯೇ? ಹೆಣೆದದ್ದನ್ನೆಲ್ಲ ಹಲ್ಲು ಕಚ್ಚಿ ಬಿಚ್ಚಿದಳು. ಕಲೆ ಮರಳಿ ಬಂತು, ಮೊಣಕಾಲು ಹಿಡಿದುಕೊಂಡಿತು. ತಂಗಿಗೆ ಮಾತ್ರ ಏನೂ ಹೋಗಲಿಲ್ಲ, ಬಂದಿದ್ದರಲ್ಲವೇ ಹೋಗಲು.

ಮನೆಗೆ ಬಂದು ಪೆಟ್ಟಿಗೆ ತೆಗೆದು ನೆಲದ ಮೇಲೆ ಸುರಿದಳು. "ಅಮ್ಮ, ಗುಂಡಿಗೇ ಅಂತ ಹೊಲಿಸಿದ್ದು ಒಂದು ಕೊಡು. ಒಂದೇ ಒಂದು. ಲಂಗ, ಸ್ವೆಟರ್, ಕುಲಾವಿ, ಏನಾದ್ರೂ."

ಅಮ್ಮ ಒಂದೊಂದನ್ನೇ ಎತ್ತಿ ನೋಡಿದಳು. ನಮ್ಮನೇಲಿ ಒಂದು ಚೂರು ಬಟ್ಟೇನೂ ಹಾಳಾಗಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ ಹೆಂಗಸು. "ಇದು ನಿಂದು. ಇದೂ ನಿಂದೇ," ಎನ್ನುತ್ತ ತಳದ ಬಿಳಿ ತುಂಡನ್ನು ಹಿಡಿದು ಬಿಕ್ಕಿದಳು. "ಹುಟ್ಟಿದಾಗ ಸುತ್ತಿದ್ದೂ ನಿಂದೇ ಕಣೇ. ಚೆನ್ನಾಗಿತ್ತಲ್ಲ, ಇನ್ನೊಂದು ಯಾಕೆ ಅಂತ..."

ಗಯ್ಯಾಳಿಯ ಬಾಯಿಗೆ ಬೈಗುಳ ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡಳು. ಒಂಬತ್ತು ವರ್ಷ ಬದುಕಿದ ಮಗುವನ್ನು ಈ ಭೂಮಿಯ ಮೇಲಿನ ಒಂದು ನೂಲೂ ಗುರುತಿಸುತ್ತಿರಲಿಲ್ಲ. ಹೊಸ ಬಟ್ಟೆ ಮೈ ಕಲಿಯಲು ವರ್ಷ ಬೇಕು. ಗುಂಡಿಯ ಬಳಿ ಹನ್ನೊಂದು ದಿನವಿತ್ತು.

ಆದರೂ ಹಳದಿ ಬಟ್ಟೆ ತಂದು ಕತ್ತರಿಸಿದಳು. ಪ್ರಯೋಜನವಿಲ್ಲವೆಂದು ದೊಡ್ಡಮ್ಮ ಬಾಯಿ ತೆರೆದರೆ, "ಗೊತ್ತು ದೊಡ್ಡಮ್ಮ, ಸುಮ್ನಿರಿ," ಎಂದಳು. ಅಂಚು ಮಡಿಚುವಾಗ ಕೈ ನಿಂತಿತು. ಬೆಳೆಯೋ ಮಗು, ನಾಲ್ಕು ಬೆರಳು ಮಡಿಕೆ ಬಿಡೇ ಎಂದು ಸದಾ ಪಕ್ಕದಿಂದ ಹೇಳುತ್ತಿದ್ದ ಅಮ್ಮ ಅಲ್ಲೇ ಕೂತಿದ್ದಳು. ಈ ಸಲ ಹೇಳಲಿಲ್ಲ. ಗಯ್ಯಾಳಿ ತಾನೇ ಬೆರಳಿಟ್ಟು ಅಳೆದು ನಾಲ್ಕು ಬಿಟ್ಟಳು. ಸೂಜಿ ಕೊನೆಯವರೆಗೂ ತಣ್ಣಗೇ ಇತ್ತು.

ದಿಂಬಿಗೆ ಒರಗಿಸಿ ತೊಡಿಸಿದಾಗ ಗುಂಡಿ ಬಟ್ಟೆಯನ್ನು ಮೂಸಿದಳು. "ಇದು ಮೊದಲು ಯಾರದಕ್ಕಾ?"

"ನಿಂದೇ ಕಣೆ. ಮೊದಲೂ ನಿಂದೇ."

ಮಗುವಿನ ಮುಖ ಅರಳಿತು. ಅಂಚನ್ನು ತಿರುವಿ, ಒಳಗೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. "ನಾಲ್ಕು ಬಿಟ್ಟಿದ್ದೀಯ! ಹಾಗಾದ್ರೆ ಮುಂದಿನ ವರ್ಷಕ್ಕೂ ಬರುತ್ತೆ ಅಲ್ವಾ?"

ಯಾರ ಮುಖ ಮುಲಾಜಿಗೂ ಸುಳ್ಳು ಹೇಳದವಳು ಗಯ್ಯಾಳಿ. "ಬರುತ್ತೆ," ಎಂದಳು. "ಅದರ ಮುಂದಿನ ವರ್ಷಕ್ಕೂ ಬರುತ್ತೆ."

ಆ ಫ್ರಾಕನ್ನು ಗುಂಡಿ ಆರು ದಿನ ತೊಟ್ಟಳು. ಮಡಿಕೆ ಬಿಚ್ಚುವ ಕೆಲಸ ಬರಲಿಲ್ಲ.