ಮಾತಿನ ಬಾಲ ತಿನ್ನುವ ಲೈನು

ಪರೀಕ್ಷೆ ಮಾಡಿದಾಗಲೆಲ್ಲ ನಮ್ಮ ಮನೆಯ ಇಂಟರ್ನೆಟ್ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿತ್ತು. ಫೋನಿನ ಪರದೆಯ ಮೇಲೆ ಮುಳ್ಳು ಸರ್ರನೆ ಏರಿ ನೂರರ ಹತ್ತಿರ ನಿಂತು, ಕೆಳಗೆ ಹಸಿರು ಅಕ್ಷರದಲ್ಲಿ ‘ಅತ್ಯುತ್ತಮ’ ಎಂದು ಬರುತ್ತಿತ್ತು. ಆಮೇಲೆ ನಾನು ಕೆಲಸಕ್ಕೆ ಕೂತು ವಿಡಿಯೊ ಹಚ್ಚಿದರೆ ಎದುರಿನವರ ಮುಖ ಚೌಕ ಚೌಕವಾಗಿ ಒಡೆದು, ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು.

ನನ್ನ ಕೆಲಸವೇ ಕೈ ನೋಡುವುದು. ಜ್ಯೋತಿಷ್ಯವಲ್ಲ. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಅಲ್ಲಿನ ಪರದೆಯ ಮೇಲೆ ನನ್ನನ್ನು ಕರೆಯುತ್ತಾರೆ. ಅವರು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳುತ್ತೇನೆ, ಎದುರಿನವರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ. ನನ್ನ ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಬಾಯಿಮಾತು ಬರುವ ಮೊದಲೇ ನನಗೆ ಕೈಮಾತು ಬಂದಿತ್ತು. ಬೇರೆ ವಿದ್ಯೆ ಯಾವುದೂ ಬಾರದು, ಬೇಕೆಂದೂ ಅನ್ನಿಸಿರಲಿಲ್ಲ.

ಕೆಲಸ ಕೊಡುವ ಕಂಪನಿಯದು ಒಂದು ನಿಯಮ. ಚಿತ್ರ ನಿಂತು ಮಾತು ತಪ್ಪಿದರೆ ಅದನ್ನು ಅಲ್ಲೇ ಒಪ್ಪಿಕೊಂಡು ಕೆಂಪು ಗುಂಡಿ ಒತ್ತಬೇಕು. ವರ್ಷದಲ್ಲಿ ಮೂರು ಕೆಂಪು ಬಿದ್ದರೆ ಮನೆಗೆ ಕಳಿಸುತ್ತಾರೆ. ನಾನು ಮೊದಲೇ ಮನೆಯ ಹಿಂದಿನ ಕೋಣೆಯಲ್ಲಿ ಕೂತವಳು, ಆದರೂ ಆ ಮಾತಿಗೆ ಹೆದರುತ್ತಿದ್ದೆ. ಎರಡು ಆಗಲೇ ಬಿದ್ದಿದ್ದವು.

ನಮ್ಮ ಮಾವನವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಮೂವತ್ತೊಂದು ವರ್ಷ ಕಂಬ ಹತ್ತಿ ಇಳಿದವರು. ಈಗ ಕಾಲು ನಿಂತಿದೆ, ಬಾಯಿ ನಿಂತಿಲ್ಲ. ಇಂಟರ್ನೆಟ್ ಕೊಡುವವರ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ.

“ಬೇಕೂಂತ್ಲೇ ಕತ್ತು ಹಿಚುಕ್ತಾ ಇದಾರಮ್ಮ. ವಿಡಿಯೊ ಅಂದ್ರೆ ಬಿಗಿ ಹಿಡೀತಾರೆ, ಟೆಸ್ಟ್ ಅಂದ್ರೆ ಸಡಿಲ ಬಿಡ್ತಾರೆ. ಸಾಹೇಬ್ರು ಬರ್ತಾರೆ ಅಂದ್ರೆ ಆಫೀಸಲ್ಲಿ ಎಲ್ಲಾರೂ ಪೆನ್ನು ಹಿಡ್ಕೊಳಲ್ವಾ, ಹಂಗೆ.”

ನನಗೂ ಹಾಗೇ ಅನ್ನಿಸುತ್ತಿತ್ತು. ಕಸ್ಟಮರ್ ಕೇರಿಗೆ ಹನ್ನೆರಡು ಸಲ ಫೋನು ಮಾಡಿದ್ದೆ. ಹನ್ನೆರಡೂ ಸಲ ವೈಫೈ ಡಬ್ಬಿ ಆರಿಸಿ ಹಚ್ಚಿ ಎಂದಿದ್ದರು. ಹದಿಮೂರನೆಯ ಸಲ ಮಾವನವರೇ ಇಂಟರ್ನೆಟ್ಟಿನ ಮೇಲಿಂದಲೇ ಕರೆ ಮಾಡಿ, ನೇರವಾಗಿ ಕೇಳಿಬಿಟ್ಟರು. ಆ ಕಡೆಯ ಹುಡುಗಿ ತಾಳ್ಮೆಯಿಂದ, “ಸರ್, ನಿಮ್ಮ ಸ್ಪೀಡು ನಾವು ಬೇಕೂಂತ ಕಡಿಮೆ ಮಾಡ್ತಾ...” ಎಂದಳು. ಅಲ್ಲಿಗೆ ಲೈನು ಸತ್ತಿತು.

“ನೋಡು, ಒಪ್ಕೊಂಡ್ಳು!” ಎಂದು ಮಾವನವರು ತೊಡೆ ತಟ್ಟಿದರು.

“ಮಾವ, ಮುಂದೆ ‘ಇಲ್ಲ’ ಅಂತಿತ್ತೇನೋ, ಕೇಳಿಸಲಿಲ್ಲ.”

“ಅದನ್ನ ಕೇಳಿಸ್ದೇ ಇರೋ ಹಂಗೆ ಮಾಡಿದ್ದೂ ಅವ್ರೇ ತಾನೆ?”

ನಮ್ಮ ಮಾತಿನಲ್ಲಿ ಇಲ್ಲ ಎನ್ನುವುದು ಕೊನೆಗೆ ಬರುತ್ತದೆ. ನಾನು ಬಳಸುವ ಕೈಮಾತಿನಲ್ಲೂ ಹಾಗೆಯೇ, ಎಲ್ಲ ಹೇಳಿಯಾದ ಮೇಲೆ ಅಂಗೈ ಅಡ್ಡ ಬೀಸಿ ಇಲ್ಲ ಎನ್ನುತ್ತಾರೆ. ನಿಧಾನದ ಲೈನು ತಿನ್ನುವುದು ಸಾಮಾನ್ಯವಾಗಿ ಬಾಲವನ್ನೇ.

ಅದೇ ವಾರ ಒಂದು ದಿನ ನನ್ನ ಚಿತ್ರ ನಿಂತಾಗ ಮಾವನವರು ಸಿಟ್ಟಿನಲ್ಲಿ ತಮ್ಮ ಫೋನಿನಲ್ಲಿ ಟೆಸ್ಟ್ ಒತ್ತಿದರು. ತಕ್ಷಣ ನನ್ನ ಚಿತ್ರ ನೆಟ್ಟಗಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಅವರು ಮಾತ್ರ ಕೊಂಬೆ ಮುರಿದದ್ದು ತಾವೇ ಎಂದು ನಂಬಿದರು. ಕಳ್ಳನನ್ನು ಕೈಬಿಡದೆ ಕಾಯಬೇಕು, ಟೆಸ್ಟ್ ನಡೆಯುತ್ತಿರುವಷ್ಟು ಹೊತ್ತು ಇಂಟರ್ನೆಟ್‌ನವರು ಬಿಗಿ ಹಿಡಿಯಲಾರರು ಎಂಬುದು ಅವರ ಸಿದ್ಧಾಂತ. ಅಂದಿನಿಂದ ನಾನು ಕೆಲಸಕ್ಕೆ ಕೂತಾಗಲೆಲ್ಲ ಅವರು ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು, ಮುಳ್ಳು ಇಳಿದೊಡನೆ ಮತ್ತೆ ಒತ್ತುತ್ತಿದ್ದರು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ನಾನೂ ಅರ್ಧ ನಂಬಿದ್ದೆ. ಅದೂ ಅಲ್ಲದೆ ನಿವೃತ್ತಿಯಾದ ಮೇಲೆ ಅವರನ್ನು ಅಷ್ಟು ಲವಲವಿಕೆಯಿಂದ ನೋಡಿದ್ದು ಅದೇ ಮೊದಲು.

ಮಂಗಳವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಕರೆ ಬಂತು. ಒಬ್ಬ ಬಡಗಿ. ಗರಗಸಕ್ಕೆ ಸಿಕ್ಕ ಎಡಗೈಗೆ ದಪ್ಪ ಬಟ್ಟೆ ಸುತ್ತಿದ್ದರು, ಬಲಗೈಯೊಂದರಲ್ಲೇ ಮಾತಾಡುತ್ತಿದ್ದ. ಆಪರೇಷನ್ನಿಗೆ ಮುಂಚೆ ಡಾಕ್ಟರು ಪಟ್ಟಿ ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಊಟ ಎಷ್ಟು ಹೊತ್ತಿಗಾಯಿತು, ಸಕ್ಕರೆ ಕಾಯಿಲೆ ಇದೆಯೇ. ಎಲ್ಲ ಸಲೀಸಾಗಿ ಹೋಯಿತು. ಆಮೇಲೆ ಒಂದು ಔಷಧಿಯ ಹೆಸರು ಹೇಳಿ, “ಇದು ಇವರಿಗೆ ಒಗ್ಗುತ್ತಾ?” ಎಂದರು.

ನಾನು ಕೇಳಿದೆ. ಬಡಗಿ ಔಷಧಿಯನ್ನು ತೋರಿಸಿದ, ತನ್ನನ್ನು ತೋರಿಸಿದ, ಒಗ್ಗುವುದು ಎಂದ. ಅವನ ಕೈ ಗಾಳಿಯಲ್ಲಿ ನಿಂತಿತು. ಒಂದು, ಎರಡು, ಮೂರು ಸೆಕೆಂಡು. ಚಿತ್ರ ಮತ್ತೆ ಓಡಿದಾಗ ಕೈ ತೊಡೆಯ ಮೇಲಿತ್ತು.

“ಒಗ್ಗುತ್ತಂತೆ,” ಎಂದುಬಿಟ್ಟೆ. ಬಾಯಿ ಅಭ್ಯಾಸಬಲದಿಂದ ಆಡಿತು.

ಡಾಕ್ಟರು ಬರೆಯತೊಡಗಿದರು. ಹಿಂದಿನಿಂದ ಮಾವನವರು ಮೆಲ್ಲಗೆ, “ತೊಂಬತ್ತೇಳು!” ಎಂದರು.

ನನಗೆ ಭಯವಾಯಿತು. ಬಡಗಿಯ ಜೀವದ ಭಯ ಮೊದಲು ಬಂತು ಎಂದು ಹೇಳಿಕೊಳ್ಳಲು ಆಸೆ, ಆದರೆ ಮೊದಲು ಬಂದದ್ದು ಮೂರನೆಯ ಕೆಂಪಿನ ಭಯ. ಆ ಔಷಧಿ ಹೆಚ್ಚಿನವರಿಗೆ ಒಗ್ಗುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟು ಜನರ ಲೆಕ್ಕದಲ್ಲಿ ಇವನನ್ನೂ ಸೇರಿಸಿ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಡಗಿ ನನ್ನನ್ನೇ ನೋಡುತ್ತಿದ್ದ. ಹೇಳಬೇಕಾದ್ದನ್ನು ಹೇಳಿ ಮುಗಿಸಿ, ತಲುಪಿತು ಎಂದು ನೆಮ್ಮದಿಯಾಗಿದ್ದವನ ಮುಖ ಅದು. ನನ್ನಮ್ಮನೂ ಅಂಗಡಿಗಳಲ್ಲಿ ನನ್ನ ಕಡೆ ಹಾಗೇ ನೋಡುತ್ತಿದ್ದಳು.

“ಡಾಕ್ಟ್ರೇ, ಬರೀಬೇಡಿ,” ಎಂದೆ. “ಚಿತ್ರ ನಿಂತುಹೋಯ್ತು, ನಂಗೆ ಪೂರ್ತಿ ಕಾಣಿಸ್ಲಿಲ್ಲ. ಇನ್ನೊಂದ್ಸಲ ಕೇಳ್ತೀನಿ.” ಕೆಂಪು ಗುಂಡಿ ಒತ್ತಿದೆ.

ಬಡಗಿ ಈ ಸಲ ನಿಧಾನವಾಗಿ ಹೇಳಿದ. ಔಷಧಿ, ನನಗೆ, ಒಗ್ಗುವುದು, ಇಲ್ಲ. ಆಮೇಲೆ ತನ್ನ ಗಂಟಲು ಹಿಡಿದು, ಉಸಿರು ಕಟ್ಟಿ ನೆಲಕ್ಕೆ ಬಿದ್ದದ್ದನ್ನು ತೋರಿಸಿದ. ಡಾಕ್ಟರು ಬರೆದದ್ದರ ಮೇಲೆ ಎರಡು ಗೀಟು ಎಳೆದರು.

ನಮ್ಮ ಕಂಪನಿಯಲ್ಲಿ ಇನ್ನೊಂದು ದಾರಿಯಿತ್ತು. ತಪ್ಪು ಲೈನಿನದೆಂದು ಇಂಟರ್ನೆಟ್‌ನವರು ಬರೆದುಕೊಟ್ಟರೆ ಕೆಂಪನ್ನು ಅಳಿಸುತ್ತಾರೆ, ಆ ಉತ್ತರ ಬರುವವರೆಗೆ ಕಾಯುತ್ತಾರೆ. ಮಾವನವರೇ ಕೂತು, ಕಾನೂನಿನ ಭಾಷೆಯಲ್ಲಿ, ಎರಡು ಪುಟದ ಪತ್ರ ಬರೆದರು. ಒಂಬತ್ತು ದಿನಕ್ಕೆ ಉತ್ತರ ಬಂತು. ನಾನು ಗಟ್ಟಿಯಾಗಿ ಓದಿದೆ.

“ಸದರಿ ದಿನ ಮೂರು ಐವತ್ತೆಂಟರಿಂದ ನಾಲ್ಕು ಮೂವತ್ತೊಂದರವರೆಗೆ ನಿಮ್ಮ ಮನೆಯಿಂದಲೇ ನಲವತ್ತೊಂದು ಸಲ ವೇಗ ಪರೀಕ್ಷೆ ನಡೆದಿದ್ದು, ಪ್ರತಿಸಲವೂ ಫಲಿತಾಂಶ ಅತ್ಯುತ್ತಮ. ಪಟ್ಟಿ ಲಗತ್ತಿಸಿದೆ. ಪರೀಕ್ಷೆ ನಡೆಯುವಾಗ ಅದು ಲೈನಿನ ಪೂರ್ತಿ ವೇಗವನ್ನು ತಾನೇ ಬಳಸಿಕೊಳ್ಳುವುದರಿಂದ ಬೇರೆ ಕೆಲಸ ನಿಧಾನವಾಗುವುದು ಸಹಜ.”

ಪಟ್ಟಿಯಲ್ಲಿ ನಾಲ್ಕು ಹದಿನೇಳಕ್ಕೆ ಒಂದು ತೊಂಬತ್ತೇಳು ಇತ್ತು. ಮಾವನವರು ಕನ್ನಡಕ ಹಾಕಿಕೊಂಡು ಅದರ ಮೇಲೆ ಬೆರಳಿಟ್ಟರು. ಮೂವತ್ತೊಂದು ವರ್ಷ ಲೈನಿನ ಕೆಲಸ ಮಾಡಿದವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಎರಡು ಕೆಂಪು ಬಿದ್ದಾಗ ಅವರು ಟೆಸ್ಟ್ ಒತ್ತುತ್ತಿರಲಿಲ್ಲ, ಆಗ ಕತ್ತು ಹಿಚುಕುತ್ತಿದ್ದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರನೆಯದು ಮಾತ್ರ ಗೊತ್ತಾಯಿತು.

ಸಮಾಧಾನದ ಮಾತು ಹೇಳಬೇಕಿತ್ತು. ನನಗೆ ಸಿಟ್ಟು ಬಂದಿತ್ತು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆಯ ಹೊತ್ತಿಗೆ ಕಂಪನಿಯವರು ನನ್ನ ಹೆಸರು ತೆಗೆದಿದ್ದರು.

ಮಾರನೆಯ ಬೆಳಿಗ್ಗೆ ನಾನು ಆ ಆಸ್ಪತ್ರೆಗೇ ಹೋಗಿ, ಇಲ್ಲೇ ನಿಂತು ಮಾಡುವ ಕೆಲಸವೇನಾದರೂ ಇದೆಯೇ ಎಂದು ಕೇಳಲು ಹೊರಟಿದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಮಾವನವರು ಬಂದು ನಿಂತರು. ಅವರು ಯಾರಿಗೂ ಸೋಲೊಪ್ಪಿ ಮಾತಾಡಿದ್ದನ್ನು ನಾನು ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಕೇಳಿಲ್ಲ. ನನ್ನಮ್ಮ ಬಂದಾಗ ಕೂಡ ಒಂದು ಕೈಮಾತು ಕಲಿಯಲು ಹೋದವರಲ್ಲ.

“ತಪ್ಪಾಯ್ತು ಅನ್ನೋಕೆ ಕೈಯಲ್ಲಿ ಹೆಂಗಮ್ಮ?” ಎಂದರು, ಗೋಡೆಯ ಕಡೆ ನೋಡುತ್ತ.

ಮುಷ್ಟಿಯನ್ನು ಎದೆಯ ಮೇಲಿಟ್ಟು ಒಂದು ಸುತ್ತು ತಿರುಗಿಸಿ ತೋರಿಸಿದೆ. ಅವರ ಕೈಯಲ್ಲಿ ಫೋನಿತ್ತು, ಅದನ್ನು ಹಿಡಿದೇ ತಿರುಗಿಸಿದರು. ಸರಿಬರಲಿಲ್ಲ. ಫೋನನ್ನು ಸ್ಟೂಲಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಇನ್ನೊಮ್ಮೆ ಮಾಡಿದರು.